ಬಾಲ ಬಿರಿದ ಗ್ಲೈಡರ್: ಸರಿಮಾಡಿದ ಬಗೆ

ಮುರಿದದ್ದು ನಾನೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಟುಟ್‌ಗಾರ್ಟ್ ಹತ್ತಿರದ ನಮ್ಮ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಕ್ಲಬ್ಬಿನಲ್ಲಿ ಅಡ್ಡಗಾಳಿಯಲ್ಲಿ ಇಳಿಯುವಾಗ ಎಡ ರೆಕ್ಕೆಯ ತುದಿ ಹುಲ್ಲಿಗೆ ಸಿಕ್ಕಿ ಗ್ಲೈಡರ್ ಗಿರ್ರನೆ ತಿರುಗಿ ನಿಂತಿತು. ಗ್ರೌಂಡ್ ಲೂಪ್ ಅನ್ನುವುದು ಇದಕ್ಕೇ. ಬಾಲದ ಕೊಳವೆಯ ಮೇಲೆ, ತುದಿಯಲ್ಲಿ ನೆಟ್ಟಗೆ ನಿಂತ ಫಿನ್‌ಗಿಂತ ಒಂದು ಗೇಣು ಮುಂದೆ, ಕೂದಲೆಳೆಯಂಥ ಬಿರುಕು. ಇಷ್ಟೇನಾ ಅಂದುಕೊಂಡೆ. ಆ ಚಳಿಗಾಲದ ಶನಿವಾರಗಳೆಲ್ಲ ವರ್ಕ್‌ಶಾಪಿಗೇ ಹೋದವು.

ಸ್ಯಾಂಡ್‌ಪೇಪರ್ ಹಿಡಿಯುವ ಮೊದಲು ಪೆಟ್ಟು ಹೋದ ದಾರಿ ಹುಡುಕಬೇಕು. ರೆಕ್ಕೆ ನೆಲಕ್ಕೆ ಕಚ್ಚಿಕೊಂಡರೂ ಬಾಲದ ಭಾರ ಓಡುತ್ತಲೇ ಇರುತ್ತದೆ. ಕೊಳವೆ ಪಕ್ಕಕ್ಕೆ ಬಾಗುತ್ತದೆ, ಫಿನ್‌ನ ನೆತ್ತಿಯಲ್ಲಿ ಅಡ್ಡ ಬಾಲವಿದ್ದರೆ ತಿರುಚಿಕೊಳ್ಳುತ್ತದೆ ಕೂಡ. ಬಿರುಕು ಬಳೆಯಂತೆ ಸುತ್ತಿದ್ದರೆ ಬಾಗಿದ್ದು, ಓರೆಯಾಗಿದ್ದರೆ ತಿರುಚಿದ್ದು. ರೆಕ್ಕೆ ಕೂರುವ ಪಿನ್ನುಗಳು, ಚಕ್ರದ ಗೂಡು, ಒಳಗಿನ ಚೌಕಟ್ಟುಗಳು, ಕಂಟ್ರೋಲ್ ಸರಳುಗಳು, ಎಲ್ಲವನ್ನೂ ಟಾರ್ಚ್ ಹಿಡಿದು ನೋಡಿ.

ಆಮೇಲೆ ನಾಣ್ಯದಿಂದ ತಟ್ಟುತ್ತಾ ಹೋಗಿ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಮ್ಮಜ್ಜಿ ಮಾಡುತ್ತಿದ್ದದ್ದು ಇದನ್ನೇ. ಗಟ್ಟಿ ಜಾಗ ಟಣ್ ಅನ್ನುತ್ತದೆ, ಪದರ ಬಿಟ್ಟ ಜಾಗ ಡಬ್ ಅನ್ನುತ್ತದೆ. ಡಬ್ ಅಂದಲ್ಲೆಲ್ಲ ಪೆನ್ಸಿಲ್ ಗೆರೆ. ನನ್ನ ಕೂದಲೆಳೆಯ ಸುತ್ತ ಗೆರೆ ಎಳೆದು ಮುಗಿಸಿದಾಗ ಅದು ಅಂಗೈಯಗಲವಾಗಿತ್ತು. ಗ್ಲೈಡರಿನ ಮೈ ಅಂದರೆ ರೆಸಿನ್ ಎಂಬ ಅಂಟು ಕುಡಿಸಿ ಗಟ್ಟಿಮಾಡಿದ ಗಾಜಿನೆಳೆಯ ಬಟ್ಟೆ. ಮೇಲಿನ ಲೇಪವಾದ ಜೆಲ್‌ಕೋಟ್ ಉಜ್ಜಿ ತೆಗೆದ ಮೇಲೆ ಈ ಬಟ್ಟೆ ಬೆಳ್ಳಗೆ ಕಂಡರೆ ಅಲ್ಲಿ ಎಳೆ ಮುರಿದಿದೆ ಅಂತ ಲೆಕ್ಕ. ಬಿಳುಪು ಮುಗಿಯುವವರೆಗೂ ಕತ್ತರಿಸಿ. ಕರುಣೆ ಬೇಡ.

ಕತ್ತರಿಸುವ ಮುನ್ನ ಗ್ಲೈಡರಿನ ಮೈಯನ್ನು ತೊಟ್ಟಿಲಿನಂಥ ಆಸರೆಗಳ ಮೇಲಿಟ್ಟು, ರೆಕ್ಕೆಯ ಪಿನ್ನಿಗೂ ಬಾಲಕ್ಕೂ ರಸಮಟ್ಟ ಹಿಡಿದು ಕಟ್ಟಿಹಾಕಿ. ಸೊಟ್ಟಗೆ ಅಂಟಿದ ಬಾಲ ಆಮೇಲೆ ನೆಟ್ಟಗಾಗುವುದಿಲ್ಲ.

ನಿಜವಾದ ಕೆಲಸ ಅಂಚಿನ ಇಳಿಜಾರು, ಅಂದರೆ ತೂತಿನ ಅಂಚನ್ನು ಸುತ್ತಲೂ ಓರೆಯಾಗಿ ಉಜ್ಜಿ ತೆಳುಮಾಡುವುದು. ಗಾಜಿನೆಳೆಗೆ ಸಾಮಾನ್ಯವಾಗಿ 1:50: ಗೋಡೆ ಒಂದೂವರೆ ಮಿಲಿಮೀಟರ್ ಇದ್ದರೆ ಸುತ್ತಲೂ 75 ಮಿಲಿಮೀಟರ್ ಇಳಿಜಾರು. ಅಂಗೈಯಗಲದ ತೂತು ಊಟದ ತಟ್ಟೆಯಷ್ಟಾಗುತ್ತದೆ. ಕೊಳವೆಯೊಳಗೆ ಕೈ ಹೋಗದು. ಗಾಜಿನ ಬಟ್ಟೆಯ ತೆಳ್ಳಗಿನ ತುಂಡೊಂದನ್ನು ರೆಸಿನ್ ಹಚ್ಚಿ ಮೊದಲೇ ಗಟ್ಟಿಮಾಡಿ, ತೂತಿನಿಂದ ಒಳಗೆ ತೂರಿಸಿ, ದಾರದಿಂದ ಹೊರಗೆಳೆದು ಹಿಡಿದು ಅಂಟಿಸಬೇಕು. ಅದರ ಮೇಲೆ ಬಟ್ಟೆಗಳು. ಮೂಲದಲ್ಲಿ ಎಷ್ಟು ಪದರ, ಯಾವ ದಿಕ್ಕಿನ ಎಳೆ ಇತ್ತೋ ಅಷ್ಟೇ, ಹಾಗೇ. ಇರಲಿ ಅಂತ ನಾನು ಇನ್ನೊಂದು ಪದರ ಕತ್ತರಿಸಿಟ್ಟಿದ್ದೆ. ಇನ್‌ಸ್ಪೆಕ್ಟರ್ ಮಾತಾಡದೆ ಅದನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದರು. ತೇಪೆ ಬಿರುಸಾದರೆ ಮುಂದಿನ ಬಿರುಕು ಅದರ ಅಂಚಿನಲ್ಲೇ ಹುಟ್ಟುತ್ತದೆ.

ರೆಸಿನ್ ನಾವು ಬಳಸಿದ್ದು ಎಲ್285; 100 ಗ್ರಾಂಗೆ 40 ಗ್ರಾಂ ಹಾರ್ಡನರ್ (ರೆಸಿನ್ ಗಟ್ಟಿಮಾಡುವ ದ್ರವ), ತಕ್ಕಡಿಯಲ್ಲಿ ತೂಗಿ. ಕಣ್ಣಂದಾಜು ಸಾಂಬಾರಿಗೆ ಸರಿ, ಇಲ್ಲಿ ಬೇಡ. ಕೋಣೆ 20 ಡಿಗ್ರಿಗಿಂತ ಬೆಚ್ಚಗಿರಲಿ. ಗಟ್ಟಿಯಾದ ಮೇಲೆ ಹೊದಿಕೆ ಕಟ್ಟಿ, ಬಿಸಿಗಾಳಿ ಊದಿ, 50ರಿಂದ 55 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಬೇಕು. ಅದಕ್ಕಿಂತ ತೀರಾ ಬಿಸಿಯಾದರೆ ಇಂಥ ರೆಸಿನ್ ಮೆತ್ತಗಾಗತೊಡಗುತ್ತದೆ. ಬಿಸಿಲಲ್ಲಿ ಕಾಯದಿರಲಿ ಅಂತಲೇ ಈ ಗ್ಲೈಡರುಗಳಿಗೆ ಬಿಳಿ ಬಣ್ಣ.

ನಿಮ್ಮ ಮಾದರಿಯ ರಿಪೇರಿ ಕೈಪಿಡಿ ಬೇರೆ ಅಳತೆ ಹೇಳಿದರೆ ಅದೇ ಅಂತಿಮ. ಅಧಿಕಾರವಿರುವ ಇನ್‌ಸ್ಪೆಕ್ಟರ್ ಕತ್ತರಿಸುವ ಮೊದಲೂ ಮುಚ್ಚುವ ಮೊದಲೂ ನೋಡಬೇಕು, ಸಹಿ ಅವರದು.

ಕೊನೆಗೆ ಇಡೀ ಗ್ಲೈಡರನ್ನು ತೂಗಿ. ಗುರುತ್ವ ಕೇಂದ್ರದಿಂದ 4 ಮೀಟರ್ ಹಿಂದೆ 300 ಗ್ರಾಂ ಸೇರಿದರೂ, ಅರ್ಧ ಮೀಟರ್ ಮುಂದೆ ಕೂತ ಪೈಲಟ್ ಅದನ್ನು ಸರಿದೂಗಿಸಲು 2.4 ಕಿಲೋ ಹೆಚ್ಚು ತೂಗಬೇಕು. ನಮ್ಮಲ್ಲಿ ಪೈಲಟ್ ಕನಿಷ್ಠ ಎಷ್ಟು ತೂಗಬೇಕೆಂದು ಹೇಳುವ ಚೀಟಿ ಬದಲಾಯಿತು. ಸಣಕಲ ಹುಡುಗಿಯೊಬ್ಬಳು ಈಗ ಸೀಟಿನಡಿ ಸೀಸದ ತುಂಡು ಹಾಕಿಕೊಂಡು ಹಾರುತ್ತಾಳೆ, ಪ್ರತಿ ಸಲ ನನ್ನ ಕಡೆ ನೋಡಿ.