ಕುಕ್ಕಿಸಿಕೊಂಡ ಕೋಳಿಯ ಆರೈಕೆ

ಗೋವೆಯ ಮಾಪುಸಾದ ಶುಕ್ರವಾರದ ಸಂತೆಯಿಂದ ಒಂದೇ ಒಂದು ಯಾಟೆ (ಹೆಣ್ಣು ಕೋಳಿ) ತಂದು, ಮಟಮಟ ಮಧ್ಯಾಹ್ನ ನಮ್ಮ ಎಂಟು ಕೋಳಿಗಳ ನಡುವೆ ಬಿಟ್ಟುಬಿಟ್ಟಿದ್ದೆ. ಧಾರವಾಡದ ಕಡೆಯವಳು, ಕೋಳಿ ಕೂಗಿಗೇ ಎದ್ದು ಬೆಳೆದವಳು, ನನಗೇನು ಹೇಳಿಕೊಡುವುದಿದೆ ಅನ್ನುವ ಜಂಬ. ದೀಪ ಹಚ್ಚುವ ಹೊತ್ತಿಗೆ ಪಾಪದ್ದರ ನೆತ್ತಿಯ ತೊಗಲೇ ಕಿತ್ತು ಬಂದಿತ್ತು. ಊರಲ್ಲಿ ಸೋತ ಕೋಳಿಗೆ ಓಡಿಹೋಗಲು ಇಡೀ ಓಣಿ ಇತ್ತು. ಗೋವೆಯ ಈ ಜಂಬಿಟ್ಟಿಗೆ ಗೋಡೆಯ ಕಂಪೌಂಡಿನೊಳಗೆ ಅದು ಎಲ್ಲಿಗೆ ಓಡಬೇಕು? ಅದು ನನಗೆ ಹೊಳೆದಿರಲಿಲ್ಲ.

ರಕ್ತ ಕಂಡ ಕೂಡಲೇ ಗಾಯದ ಕೋಳಿಯನ್ನು ಎತ್ತಿಕೊಳ್ಳಿ, ಉಳಿದದ್ದು ಆಮೇಲೆ. ಕೆಂಪು ಕಂಡರೆ ಸಾಧು ಕೋಳಿಯೂ ಬಂದು ಕುಕ್ಕುತ್ತದೆ, ಒಮ್ಮೆ ರುಚಿ ಹತ್ತಿತೆಂದರೆ ಬಿಡಿಸುವುದು ಕಷ್ಟ. ಅರ್ಧ ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಚಿಕ್ಕ ಚಮಚ ಉಪ್ಪು ಹಾಕಿ ಗಾಯ ತೊಳೆಯಿರಿ. ಜುಟ್ಟು ಸೀಳಿದ್ದರೆ ರಕ್ತ ಜಾಸ್ತಿ ಸುರಿಯುತ್ತದೆ, ಗಾಬರಿ ಬೇಡ, ಶುದ್ಧ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತದೆ. ಮೇಲೆ ಗಾಯ ನಂಜಾಗದಂತೆ ಪೊವಿಡೋನ್ ಅಯೋಡಿನ್ ಔಷಧಿ ಹಚ್ಚಿ. ಮನೆಯಲ್ಲಿರುವ ನೋವಿನ ಮಾತ್ರೆ, ಮರಗಟ್ಟಿಸುವ ಮುಲಾಮು ಮಾತ್ರ ಹತ್ತಿರ ತರಬೇಡಿ. ಗಾಯ ಆಳವಿದ್ದರೆ, ಕಣ್ಣಿಗೆ ತಗುಲಿದ್ದರೆ, ಹಿಂಭಾಗದಿಂದ ಮಾಂಸ ಹೊರಬಂದಿದ್ದರೆ ಪಶುವೈದ್ಯರ ಹತ್ತಿರ ಹೋಗಲೇಬೇಕು. ಜೂನ್ ಮಳೆ ಹಿಡಿದ ಮೇಲೆ ಇಲ್ಲಿ ನೊಣ ವಿಪರೀತ. ದಿನಕ್ಕೆರಡು ಸಲ ರೆಕ್ಕೆ ಎತ್ತಿ, ಪುಕ್ಕ ಸರಿಸಿ ನೋಡದಿದ್ದರೆ ಗಾಯಕ್ಕೆ ಹುಳ ಬೀಳುತ್ತದೆ.

ಗಾಯ ಹೇಗೋ ಮಾಯುತ್ತದೆ. ತಿರುಗಿ ಗುಂಪಿಗೆ ಸೇರಿಸುವುದೇ ದೊಡ್ಡ ಕೆಲಸ. ಹತ್ತು ದಿನ ಒಳಕೋಣೆಯಲ್ಲಿಟ್ಟು ಬಿಟ್ಟರೆ ಒಡಹುಟ್ಟಿದವೂ ಅದನ್ನು ಪರದೇಶಿ ಮಾಡಿ ಅಟ್ಟಾಡಿಸುತ್ತವೆ. ಅದಕ್ಕೇ ರಕ್ತ ನಿಂತ ಮೇಲೆ ಪಂಜರವನ್ನು ಅಂಗಳದಲ್ಲೇ ಇಡಿ, ಜಾಲರಿಯ ಆಚೆ ಈಚೆ ಒಂದನ್ನೊಂದು ನೋಡಿಕೊಂಡೇ ಕಾಳು ತಿನ್ನಲಿ. ಹೊಸ ತೊಗಲು ಬಂದ ಮೇಲೆ, ಕತ್ತಲಾಗಿ ಎಲ್ಲವೂ ಅಟ್ಟಣಿಗೆ ಏರಿದಾಗ, ಮೆಲ್ಲಗೆ ನಡುವೆ ಕೂರಿಸಿ. ಮರುದಿನ ನಸುಕಿನಲ್ಲೇ ಎದ್ದು ಕಾಯಿರಿ, ಸ್ವಲ್ಪ ಕುಕ್ಕಾಟ ಇದ್ದೇ ಇರುತ್ತದೆ. ಒಂದೇ ಕೋಳಿ ಎಲ್ಲರ ಮೇಲೂ ಏರಿ ಹೋಗುತ್ತಿದ್ದರೆ ನಾನು ಅದನ್ನೇ ಮೂರು ನಾಲ್ಕು ದಿನ ಬೇರೆ ಕೂಡಿಹಾಕುತ್ತೇನೆ. ವಾಪಸ್ ಬಂದಾಗ ಅದರ ದೊಡ್ಡಸ್ತಿಕೆ ಅರ್ಧ ಇಳಿದಿರುತ್ತದೆ. ಹೊಸ ಕೋಳಿ ತರುವುದಾದರೆ ಎರಡಾದರೂ ತನ್ನಿ, ಮೊದಲು ಎರಡು ವಾರ ದೂರವಿಡಿ, ರೋಗವಿದ್ದರೂ ಅಷ್ಟರಲ್ಲಿ ಬಹುಮಟ್ಟಿಗೆ ತಿಳಿಯುತ್ತದೆ, ಆಮೇಲೆ ಇದೇ ರೀತಿ ಸೇರಿಸಿ.

ಬೆನ್ನಿನ ಪುಕ್ಕ ಮಾತ್ರ ಉದುರಿದ್ದರೆ ಅದು ಹೆಚ್ಚಾಗಿ ಜಗಳವಲ್ಲ, ಹುಂಜದ ಕಾಟ. ಎಂಟು ಹತ್ತು ಯಾಟೆಗೆ ಒಂದು ಹುಂಜ ಸಾಕು. ಎರಡನೆಯದು ಇದ್ದರೆ ಸಾರಿಗೆ ಆಯಿತು.

ಪುಕ್ಕ ಕಿತ್ತು ತಿನ್ನತೊಡಗಿದರೆ ಮೇವು ನೋಡಿ. ನುಚ್ಚು, ಜೋಳ ಎಷ್ಟು ಹಾಕಿದರೂ ಪ್ರೋಟೀನ್ ಸಾಲದು, ತತ್ತಿಕೋಳಿಯ ಮೇವಿನಲ್ಲಿ ಶೇಕಡಾ 16 ಆದರೂ ಬೇಕು. ನಾನು ಲೇಯರ್ ಮೇವಿನ ಜೊತೆಗೆ ಒಣ ಸೀಗಡಿಯನ್ನು ಉಪ್ಪು ಹೋಗುವಂತೆ ತೊಳೆದು ಒಂದು ಹಿಡಿ ಹಾಕುತ್ತೇನೆ, ಬೆಕ್ಕನ್ನು ಕಾಯುವುದೇ ಒಂದು ಕೆಲಸ. ಕಾಳು ನೀರು ಎರಡು ಮೂರು ಕಡೆ ಇರಲಿ. ಒಂದೊಂದಕ್ಕೆ ಗೂಡಿನೊಳಗೆ ನಾಲ್ಕು ಚದರ ಅಡಿಯಾದರೂ ಬೇಕು. ಮೇ ತಿಂಗಳ ಸೆಕೆಗೆ ಅವುಗಳ ತಲೆಯೂ ಕೆಡುತ್ತದೆ, ತೆಂಗಿನ ಗರಿಯ ನೆರಳು ಮಾಡಿ, ಎಲೆಕೋಸೊಂದನ್ನು ಹಗ್ಗಕ್ಕೆ ಕಟ್ಟಿ ಜೋತುಬಿಡಿ, ಕುಕ್ಕುವ ಚಟ ಅದರ ಮೇಲೆ ತೀರಲಿ. ಇಷ್ಟಾದರೂ ನಿಲ್ಲದಿದ್ದರೆ ರಾತ್ರಿ ಬ್ಯಾಟರಿ ಹಿಡಿದು ಅಟ್ಟಣಿಗೆಯ ಬಿರುಕುಗಳನ್ನು ನೋಡಿ. ರಾತ್ರಿ ಕೋಳಿಯ ರಕ್ತ ಹೀರುವ ಕೆಂಪು ಹೇನು ಹಗಲಲ್ಲಿ ಕಾಣಿಸಿಕೊಳ್ಳುವುದಿಲ್ಲ.