ಇಂಗ್ಲಿಷಲ್ಲಿ ಬ್ರ್ಯಾಕೆಟ್ ಹಾಕುದು ಹೇಗೆ ಮಾರಾಯ್ರೆ?

ಮೊನ್ನೆ ಅಕ್ಕನ ಮಗಳು ಮಣಿಪಾಲದಿಂದ ಇಂಟರ್ನ್‌ಶಿಪ್ ಅರ್ಜಿ ವಾಟ್ಸ್ಯಾಪ್ ಮಾಡಿದ್ಲು, ಮಾಮ ಒಮ್ಮೆ ನೋಡಿ ಅಂತ, ನೋಡಿದ್ರೆ ಒಂದೇ ಪುಟದಲ್ಲಿ 11 ಬ್ರ್ಯಾಕೆಟ್. ಅರ್ಧಕ್ಕರ್ಧ ತೆಗೆಸಿದೆ, ಉಳಿದದ್ರಲ್ಲಿ ಫುಲ್‌ಸ್ಟಾಪ್ ಎಲ್ಲಿಗೆ ಅಂತ ನಮ್ಮಿಬ್ಬರಿಗೆ ಜಗಳ.

ನಾವು ಶಾಲೆಯಲ್ಲಿ ಕಲಿತದ್ದು ಬ್ರಿಟಿಷರ ಲೆಕ್ಕ, ದುಂಡಗಿನದ್ದು ಬ್ರ್ಯಾಕೆಟ್. ಅಮೆರಿಕದವರಿಗೆ ಅದು ಪೆರೆಂಥೆಸಿಸ್, ಜೋಡಿಗೆ ಪೆರೆಂಥೆಸೀಸ್, ಬರೀ ಬ್ರ್ಯಾಕೆಟ್ ಅಂದ್ರೆ ಅವರಿಗೆ ಚೌಕದ್ದು. ಹಳೇ ಕಾಲದ ಡಚ್ ವಿದ್ವಾಂಸ ಎರಾಸ್ಮಸ್ ದುಂಡಗಿನದ್ದಕ್ಕೆ ಲ್ಯಾಟಿನ್‌ನಲ್ಲಿ ಪುಟ್ಟ ಚಂದ್ರ ಅಂತ ಹೆಸರಿಟ್ಟಿದ್ದ, ನೋಡ್ಲಿಕ್ಕೆ ಹಾಗೇ ಉಂಟು.

ಎಂತಕ್ಕೆ ಹಾಕುದು? ಬಸ್ಸಲ್ಲಿ ಪಕ್ಕದಲ್ಲಿ ಕೂತವರು ಮದುವೆ ಸುದ್ದಿ ಜೋರಾಗಿ ಹೇಳ್ತಾ ಹೇಳ್ತಾ ನಡುವೆ ಸ್ವರ ತಗ್ಗಿಸಿ, ಹುಡುಗ ದುಬಾಯಲ್ಲಂತೆ, ಅಂತ ಸೇರಿಸಿ ಪುನಃ ಜೋರು ಶುರು ಮಾಡ್ತಾರಲ್ಲ, ಆ ತಗ್ಗಿದ ಸ್ವರವೇ ಬ್ರ್ಯಾಕೆಟ್. ಡ್ಯಾಶ್ ಹಾಕಿದ್ರೆ ಅದೇ ಮಾತು ಇಡೀ ಬಸ್ಸಿಗೆ ಕೇಳ್ತದೆ. ಕಾಮಾ ಹಾಕಿದ್ರೆ ಮಾಮೂಲಿ ಸ್ವರ.

ಬರೆದಾದ ಮೇಲೆ ಬ್ರ್ಯಾಕೆಟಿನ ಮೇಲೆ ಹೆಬ್ಬೆರಳಿಟ್ಟು ಓದಿ, ವಾಕ್ಯ ಕುಂಟಬಾರ್ದು. "ಮೈ ಬ್ರದರ್ (ಆ್ಯಂಡ್ ಹಿಸ್ ಫ್ರೆಂಡ್ಸ್) ಈಸ್ ಕಮಿಂಗ್" ಅಂತಲೇ ಬರೀಬೇಕು, ಬರುದು ನಾಲ್ಕು ಜನ ಆದ್ರೂ ಆರ್ ಅಲ್ಲ, ಒಳಗಿನವರು ಕ್ರಿಯಾಪದದ ಲೆಕ್ಕಕ್ಕಿಲ್ಲ. ಕಿವಿಗೆ ಕಿರಿಕಿರಿ ಆದ್ರೆ ಬ್ರ್ಯಾಕೆಟ್ ತೆಗೆದುಬಿಟ್ಟು ಆರ್ ಮಾಡಿ, ನಾನಾದ್ರೆ ಹಾಗೇ ಮಾಡುದು.

ಈಗ ಜಗಳದ ವಿಷಯ. "ವೀ ವೆಂಟ್ ಟು ಮಲ್ಪೆ (ಬೈ ಬಸ್)." ಇಲ್ಲಿ ಒಳಗಿರುದು ವಾಕ್ಯದ ಒಂದು ತುಂಡು ಮಾತ್ರ, ಹಾಗಾಗಿ ಫುಲ್‌ಸ್ಟಾಪ್ ಹೊರಗೆ. "ವೀ ವೆಂಟ್ ಟು ಮಲ್ಪೆ. (ದ ಬಸ್ ವಾಸ್ ಲೇಟ್.)" ಇಲ್ಲಿ ಒಳಗಿರುದು ಪೂರ್ತಿ ಪ್ರತ್ಯೇಕ ವಾಕ್ಯ, ಅದರ ಚುಕ್ಕಿಯೂ ಅದರೊಟ್ಟಿಗೆ ಒಳಗೆ. ಕಾಮಾ ಬೇಕಾದ್ರೆ ಮುಚ್ಚಿದ ಬ್ರ್ಯಾಕೆಟಿನ ನಂತರ, ತೆರೆಯುವ ಬ್ರ್ಯಾಕೆಟಿನ ಮುಂಚೆ ಬೇಡ. ಸ್ಪೇಸ್ ಹೊರಗೆ ಬಿಡಿ, ಒಳಗೆ ಬಿಡ್ಬೇಡಿ.

ಚುಟುಕು ಹೆಸರಿಗಂತೂ ಬ್ರ್ಯಾಕೆಟ್ ಬೇಕೇ ಬೇಕು. ನಮ್ಮ ಹುಡುಗಿ ಸೀದಾ ಎಂಐಟಿ ಅಂತ ಬರೆದಿದ್ಲು, ಪರವೂರಿನವರು ಅಮೆರಿಕದ್ದು ಅಂದ್ಕೊಂಡ್ರೆ ಗಮ್ಮತ್ತು! ಮೊದಲ ಸಲ ಮಣಿಪಾಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ (ಎಂಐಟಿ) ಅಂತ ಪೂರ್ತಿ ಬರೆದು, ಆಮೇಲೆ ಚುಟುಕು ಸಾಕು.

ಚೌಕದ್ದು ಬೇರೆ ಕೆಲಸಕ್ಕೆ. ಇನ್ನೊಬ್ಬರ ಮಾತು ಉದ್ಧರಿಸುವಾಗ ನಾವು ಸೇರಿಸಿದ ಶಬ್ದ ಅದರೊಳಗೆ ಹೋಗ್ತದೆ, ಅವರ ಬಾಯಿಗೆ ನಮ್ಮ ಮಾತು ತುರುಕಿದ ಹಾಗೆ ಆಗ್ಬಾರ್ದಲ್ಲ.

ಕೊನೆಗೆ ಅವಳು "ಥ್ಯಾಂಕ್ಸ್ ಮಾಮ (ಊಟ ಆಯ್ತಾ)?" ಅಂತ ಕಳಿಸಿದ್ಲು. ಕೇಳಿದ್ದು ಊಟದ ಬಗ್ಗೆ ಅಲ್ವಾ, ಪ್ರಶ್ನೆ ಚಿಹ್ನೆ ಒಳಗೆ ಹಾಕು ಅಂದೆ, ನೀಲಿ ಟಿಕ್ ಬಿದ್ದಿದೆ, ರಿಪ್ಲೈ ಇನ್ನೂ ಬರ್ಲಿಲ್ಲ.