ಮೊದ್ಲು ವರ್ಕ್‌ಶಾಪ್, ಆಮೇಲೆ ಗ್ಯಾಲರಿ: ರಜೆಯಲ್ಲಿ ಮಕ್ಳ ಜೊತೆ ಮ್ಯೂಸಿಯಂಗೆ ಹೋದ ನನ್ನ ಅನುಭವ

ರಜೆ ಬಂತು ಅಂದ್ರೆ ಮಕ್ಳ ಗುಂಪು ಕಟ್ಕೊಂಡು ಮ್ಯೂಸಿಯಂ ವರ್ಕ್‌ಶಾಪ್‌ಗೆ ಹೋಗೋದು ನನಗೆ ಹಳೇ ಚಟ. ನಿಮ್ಮಲ್ಲೂ ಸುಮಾರು ಜನ ಇದನ್ನ ಮಾಡಿರ್ತೀರ, ಹಾಗಾಗಿ ಬುಕಿಂಗು, ಏಪ್ರನ್ನು, ನೀರಿನ ಬಾಟ್ಲಿ ಅಂತೆಲ್ಲ ಕೂತ್ಕೊಂಡು ವಿವರಿಸಲ್ಲ. ಹೇಳ್ಬೇಕಿರೋದು ಇಷ್ಟೇ: ಮೊದ್ಲು ಮಣ್ಣಿನ ಮಡಕೆ ಮಾಡೋ ಥರದ ಕೈ ಕೆಲ್ಸ, ಆಮೇಲೆ ಗ್ಯಾಲರಿ, ಗ್ಯಾಲರೀಲೂ ಮೂರೇ ಮೂರು ವಸ್ತು. ಇದನ್ನ ಮೊದಲನೇ ಸಲ ಹೇಳ್ದಾಗ ಅಪ್ಪ ಅಮ್ಮಂದಿರು ನಕ್ಬಿಟ್ರು, "ಟಿಕೆಟ್ ತಗೊಂಡು ಒಳಗೆ ಹೋಗಿ ಮೂರು ಮಡಕೆ ನೋಡ್ಕೊಂಡು ಬರೋದಾ" ಅಂತ. ಈಗ ಅದೇ ಜನ ರಜೆಗೆ ತಿಂಗಳು ಮುಂಚೆನೇ ಸೀಟ್ ಇದ್ಯಾ ಅಂತ ಫೋನ್ ಮಾಡ್ತಾರೆ. ಸ್ವಲ್ಪ ಜಂಬ ಅನ್ಸಿದ್ರೆ ಸಹಿಸ್ಕೊಳ್ಳಿ.

ಮುಂಚೆ ನಾವೂ ಎಲ್ರ ಥರಾನೇ ಒಂದನೇ ಹಾಲಿಂದ ಕೊನೇ ಹಾಲ್ ತನಕ ನಡ್ಸೋದು, ಪ್ರತಿ ಬೋರ್ಡ್ ಓದ್ಸೋದು, ವರ್ಕ್‌ಶಾಪ್ ಟೇಬಲ್ ಹತ್ರ ಬರೋ ಹೊತ್ತಿಗೆ ಹತ್ರತ್ರ ಒಂದೂವರೆ ಗಂಟೆ ಆಗಿರೋದು. 6 ವರ್ಷದವ್ರು ಅಲ್ಲೇ ನೆಲಕ್ಕೆ ಕೂತ್ಬಿಡೋರು, 10 ವರ್ಷದವ್ರು ಯಾವಾಗ ಮನೆಗೆ ಹೋಗೋದು ಅನ್ನೋರು, ಜೇಡಿಮಣ್ಣು ಮುಟ್ಟೋಕೂ ಉತ್ಸಾಹ ಇರ್ತಿರ್ಲಿಲ್ಲ. ಕೊಟ್ಟ ದುಡ್ಡು ದಂಡ ಆಗ್ಬಾರ್ದು ಅಂತ ಅಮ್ಮಂದಿರೇ ತೋಳೇರಿಸ್ಕೊಂಡು ಮಡಕೆ ಮಾಡೋರು. ಫೋಟೋ ಮಾತ್ರ ಸೂಪರಾಗಿ ಬರೋದು, ಮಡಕೇಲಿ ಅರ್ಧಕ್ಕರ್ಧ ದೊಡ್ಡೋರ ಬೆರಳಿನ ಗುರುತು! ಮಕ್ಳಿಗೆ ಶಿಸ್ತಿಲ್ಲ ಅಂತ ಒಬ್ರು ಹಿರಿಯರು ಗದರ್ತಾನೇ ಇದ್ರು. ಮ್ಯೂಸಿಯಂ ಸುಸ್ತು ದೊಡ್ಡೋರಿಗೂ ಇರತ್ತೆ ಸ್ವಾಮಿ, 1916ರಲ್ಲೇ ಬಾಸ್ಟನ್‌ನ ಮ್ಯೂಸಿಯಂ ಒಂದ್ರಲ್ಲಿ ಕೆಲ್ಸ ಮಾಡ್ತಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಅನ್ನೋರು ಒಬ್ಬ ಮನುಷ್ಯ ಷೋಕೇಸ್ ಮುಂದೆ ಬಗ್ಗೋದು, ಕುಕ್ಕರುಗಾಲಲ್ಲಿ ಕೂರೋದು ಎಲ್ಲ ಫೋಟೋ ತೆಗೆದು ಇದ್ರ ಬಗ್ಗೆನೇ ಬರ್ದಿದ್ರು ಅಂತ ಹೇಳ್ದೆ, ಅವ್ರು ಒಪ್ಪಲಿಲ್ಲ, ಅದು ಬೇರೆ ಮಾತು.

ಆಮೇಲೆ ಆರ್ಡರ್ ತಿರುಗಿಸ್ದೆ. ಬಾಗಿಲು ತೆಗೀತಿದ್ದ ಹಾಗೇ ಮೊದಲನೇ ಸ್ಲಾಟು, ವಾರದ ಮಧ್ಯದ ದಿನ, ನೇರ ಮಣ್ಣಿನ ಟೇಬಲ್‌ಗೆ. ದೊಡ್ಡೋರ ಕೈ ಬೆನ್ನ ಹಿಂದೆ, ಇದು ಕಾನೂನು, ಮುರಿದ್ರೆ ಕಾಫಿಗೆ ಕಳಿಸ್ಬಿಡ್ತೀನಿ. ಮಣ್ಣನ್ನ ಹಾವಿನ ಥರ ಹೊಸೆದು ಸುತ್ತಿ ಸುತ್ತಿ ಏರಿಸೋ ಮಡಕೆನೇ ಮಾಡ್ಸೋದು. ಇದ್ರಲ್ಲೂ ಶುರೂಲಿ ಲುಕ್ಸಾನೇ. ಹಿಡಿಕೆ ಅಂಟಿಸೋ ಕಡೆ ಗೀರದೆ, ನೀರು ಮಣ್ಣು ಸವರದೆ ಹಾಗೇ ಒತ್ಬಿಡ್ತಾರೆ, ಒಣಗಿದ ಮೇಲೆ ಉದುರತ್ತೆ. ತಳ ದಪ್ಪ ಬಿಟ್ರೆ ಒಳಗಿನ ತೇವ ಆರಿರಲ್ಲ, ಮಡಕೆ ಸುಡೋ ಗೂಡಲ್ಲಿಟ್ಟಾಗ ಆವಿಯಾಗಿ ಸಿಡ್ದೋಗತ್ತೆ, ಪಕ್ಕದವ್ರ ಮಡಕೆನೂ ಕರ್ಕೊಂಡೇ ಹೋಗತ್ತೆ. ಒಂದು ಬ್ಯಾಚಲ್ಲಿ ಮೂರ್ನಾಲ್ಕು ಮಕ್ಳಿಗೆ ಚೂರುಗಳ ಕವರ್ ಕೊಡ್ಬೇಕಾಗಿ ಬಂತು, ಅವತ್ತಿನ ಅಳು ಕೇಳ್ಬೇಡಿ. ಈಗ ಮಕ್ಳಿಗೆ ಒಂದ್ ಮಾತು ಮೊದ್ಲೇ ಹೇಳ್ಬಿಡ್ತೀನಿ, ಇವತ್ತು ಮನೆಗೆ ಏನೂ ಒಯ್ಯಲ್ಲ, ಸುಟ್ಟು ಬರೋವಾಗ ಮಡಕೆ ಸ್ವಲ್ಪ ಚಿಕ್ಕದೂ ಆಗಿರತ್ತೆ, ಹತ್ತರಲ್ಲಿ ಒಂದು ಪಾಲು ಕುಗ್ಗತ್ತೆ ಅಂತ ಲೆಕ್ಕ ಇಟ್ಕೊಳ್ಳಿ.

ಕೈ ತೊಳೆದು, ಏನಾದ್ರೂ ತಿಂದು, ಆಮೇಲೆ ಗ್ಯಾಲರಿ. ಮಜಾ ಇರೋದೇ ಇಲ್ಲಿ. ಗಾಜಿನ ಹಿಂದಿನ ಹಳೇ ಮಡಕೆ ಮುಂದೆ ನಿಲ್ಸಿದ್ರೆ ಯಾರೂ ಬೋರ್ಡ್ ಓದಲ್ಲ, ಬಗ್ಗಿ ಒಳಗೋಡೆ ನೋಡ್ತಾರೆ. 7 ವರ್ಷದ ಒಂದು ಹುಡುಗಿ "ಇದ್ರೊಳಗೆ ಗೆರೆ ಸುರುಳಿ ಸುರುಳಿಯಾಗಿ ಒಂದೇ ಸಮ ಇದೆ, ಇದು ಚಕ್ರದಲ್ಲಿ ಮಾಡಿದ್ದು, ನಮ್ಮ ಥರ ಸುತ್ತಿದ್ದಲ್ಲ" ಅಂದ್ಳು, ಗೈಡ್ ಒಂದ್ ಕ್ಷಣ ಸುಮ್ನಾಗ್ಬಿಟ್ರು. ಗದರ್ತಿದ್ದ ಹಿರಿಯರೂ ಅಲ್ಲೇ ಇದ್ರು, ನಾನೇನೂ ಮಾತಾಡ್ಲಿಲ್ಲ, ಬರೀ ಅವ್ರ ಮುಖ ನೋಡ್ದೆ. ಮೂರು ವಸ್ತು ಯಾವ್ದು ಅಂತ ಹೇಗೆ ಆರಿಸ್ತೀನಿ, ಗಾಜಿನ ಮುಂದೆ ಕೇಳೋ ಮೊದಲನೇ ಪ್ರಶ್ನೆ ಏನು, ಅದೆರಡು ಇಲ್ಲಿ ಬರಿಯಲ್ಲ, ಜೊತೇಲಿ ಬಂದವ್ರಿಗೆ ಮಾತ್ರ.

ದುಡ್ಡಿನ ವಿಷ್ಯ. ವರ್ಕ್‌ಶಾಪ್ ಫೀ ಎಂಟ್ರಿ ಟಿಕೆಟ್‌ಗಿಂತ ಮೂರು ಪಟ್ಟೋ ನಾಲ್ಕು ಪಟ್ಟೋ ಇರತ್ತೆ, ಮೇಲೆ ಮಣ್ಣು ಸುಡೋ ಚಾರ್ಜ್ ಬೇರೆ, ಇದನ್ನ ಬುಕ್ ಮಾಡೋವಾಗ್ಲೇ ಕೇಳಿ, ಕೊನೇಲಿ ಕೇಳಿದ್ರೆ ಜಗಳ ಆಗತ್ತೆ. ಮುಂಚೆ 12 ಜನ ಬರ್ತೀವಿ ಅನ್ನೋರು, 8 ಜನ ಬರೋರು, ಉಳಿದ ನಾಲ್ಕು ಸೀಟು ನನ್ನ ಜೇಬಿಂದ. ಈಗ ಪೂರ್ತಿ ಅಡ್ವಾನ್ಸ್, ವಾಪಸ್ ಇಲ್ಲ, ಬೇಕಿದ್ರೆ ಸೀಟನ್ನ ಬೇರೆ ಮಗುಗೆ ದಾಟಿಸ್ಬೋದು. ಇದಾದ್ಮೇಲೆ ತಪ್ಪಿಸ್ಕೊಳ್ಳೋರು ನಿಂತೇ ಹೋದ್ರು. ಫ್ರೀ ವರ್ಕ್‌ಶಾಪ್ ಅಂತ ಆಸೆ ಬೀಳ್ಬೇಡಿ, ರಜೆಯಲ್ಲಿ ಅಲ್ಲಿ ಕ್ಯೂನಲ್ಲೇ ಮಕ್ಳ ಅರ್ಧ ಜೀವ ಹೋಗತ್ತೆ. ವರ್ಷಕ್ಕೆ ಮೂರ್ನಾಲ್ಕು ಸಲ ಹೋಗೋದಾದ್ರೆ ವಾರ್ಷಿಕ ಮೆಂಬರ್‌ಶಿಪ್ ಇದ್ಯಾ ಅಂತ ವಿಚಾರಿಸಿ, ನನಗಂತೂ ಅದ್ರಲ್ಲೇ ಗುಂಪಿನ ಬಣ್ಣ, ಪೇಪರ್ ಖರ್ಚು ಎದ್ದಿದೆ.

ನಡುವೆ ನೀಲಿ ಪ್ರಿಂಟ್ ಹುಚ್ಚೂ ಹಿಡ್ದಿತ್ತು. ಸಯನೋಟೈಪ್, 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದಿದ್ದು, ಕೆಮಿಕಲ್ ಬಳಿದ ಪೇಪರ್ ಮೇಲೆ ಎಲೆ ಇಟ್ಟು ಬಿಸಿಲಿಗೆ ಹಿಡಿಯೋದು, ನೀರಲ್ಲಿ ತೊಳೆಯೋದು. ಬಿಸಿಲಿದ್ರೆ 10 ನಿಮಿಷಕ್ಕೆ ಮುಗಿಯೋದು ಮೋಡ ಕವಿದ್ರೆ ಅರ್ಧ ಗಂಟೆ ಕಾದ್ರೂ ಪೇಲವ. ನಮ್ಮ ಗ್ರಹಚಾರಕ್ಕೆ ಬುಕ್ ಮಾಡಿದ್ ದಿನಾನೇ ಮೋಡ. ಮಾರನೇ ದಿನಕ್ಕೆ ನೀಲಿ ಇನ್ನೊಂಚೂರು ಗಾಢ ಆಗತ್ತೆ ಅಂತ ಸಮಾಧಾನ ಹೇಳಿ ಕಳಿಸ್ದೆ, ಆಗಿತ್ತು ಕೂಡ. ಆಮೇಲೆ ಮನೇಲಿ ಹೂವಿನ ದಳ ಅರೆದು ರಸ ಪೇಪರ್‌ಗೆ ಬಳಿದು ಅದ್ರ ಮೇಲೆ ಎಲೆ ಇಟ್ಟು ನೋಡಿದ್ವಿ, ಕೆಮಿಕಲ್ ಇಲ್ಲ, ಖರ್ಚಿಲ್ಲ, ಆದ್ರೆ ದಿನಗಟ್ಲೆ ಬಿಸಿಲಲ್ಲಿ ಬಿಡ್ಬೇಕು, ಬಂದ ಚಿತ್ರನೂ ಬೆಳಕಿಗೆ ಮಾಸ್ತಾ ಹೋಗತ್ತೆ. ಚಿಕ್ಕವ್ರಿಗೆ ತಾಳ್ಮೆ ಸಾಲ್ದು, 11 ದಾಟಿದವ್ರಿಗೆ ಓಕೆ.

ಮೋಟರ್‌ಗೆ ಒಂದು ಪಕ್ಕ ಭಾರ ಕಟ್ಟಿ, ಒಂದು ಕಪ್‌ಗೆ ಸ್ಕೆಚ್ ಪೆನ್ ಕಾಲು ಹಾಕಿ, ನಡುಗ್ತಾ ತಾನೇ ಗೀಚೋ ಮಿಷನ್ ಮಾಡ್ಸೋ ವರ್ಕ್‌ಶಾಪೂ ಈಗ ತುಂಬ ಕಡೆ ಇದೆ. ಮಕ್ಳಿಗೆ ಖುಷಿ, ಆದ್ರೆ ನನ್ನ ಆರ್ಡರ್ ಇದಕ್ಕೆ ಒಗ್ಗಲಿಲ್ಲ, ಅದಾದ್ಮೇಲೆ ಗ್ಯಾಲರೀಲಿ ಏನ್ ತೋರ್ಸಿದ್ರೂ ಬ್ಯಾಗಲ್ಲಿರೋ ಮಿಷನ್ ಮೇಲೇ ಧ್ಯಾನ. ಮುಂದಿನ ರಜೇಲಿ ಮಿಷನ್‌ಗಳನ್ನ ಟೇಬಲ್ ಹತ್ರನೇ ಹೆಸ್ರು ಬರ್ದು ಇಟ್ಟು ಹೋಗೋ ವ್ಯವಸ್ಥೆ ಆಗತ್ತಾ ಅಂತ ಕೇಳಿದೀನಿ, ಇನ್ನೂ ಉತ್ರ ಬಂದಿಲ್ಲ.